ಪಾಪ್ಲರ್ ಚುನಾವಣೆಯ ಫಲಿತಾಂಶ: ಗೆದ್ದ ಮೇಲೆ ಏನು?

ಪೌರಸಭೆಯ ಚುನಾವಣೆ ಮುಗಿದ ಮರುದಿನ ಯಾವ ಊರಿನಲ್ಲಾದರೂ ಕೇಳಿಬರುವ ಪ್ರಶ್ನೆ ಒಂದೇ: ಯಾರಿಗೆ ಎಷ್ಟು ಸ್ಥಾನ? ಪಟಾಕಿ ಸಿಡಿಯುತ್ತದೆ, ಹಾರ ಬೀಳುತ್ತದೆ, ಮೆರವಣಿಗೆ ಹೊರಡುತ್ತದೆ. ನಾಲ್ಕು ದಿನ ಕಳೆಯುವುದರೊಳಗೆ ಗೆದ್ದವರು ಅಧ್ಯಕ್ಷರ ಕುರ್ಚಿಯ ಕಡೆ ನೋಡುತ್ತಾರೆ, ಸೋತವರು ಸೋಲಿಗೆ ಕಾರಣ ಹುಡುಕುತ್ತಾರೆ, ಮತ ಕೊಟ್ಟವರು ಎಂದಿನಂತೆ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲುತ್ತಾರೆ. ಆ ಸ್ಥಾನಗಳಿಂದ ಯಾರ ತಲೆಯ ಮೇಲಿನ ಹೊರೆ ಇಳಿಯಿತು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಂಗ್ಲೆಂಡಿನ ಒಂದು ಸ್ಥಳೀಯ ಚುನಾವಣೆಯ ಫಲಿತಾಂಶವನ್ನು ನಮ್ಮ ವಾಚಕರ ಮುಂದೆ ಇಡಬಯಸುತ್ತೇವೆ. ಅದು ಲಂಡನ್ ನಗರದ ಪಾಪ್ಲರ್ ಎಂಬ ಭಾಗದಲ್ಲಿ 1919ರ ನವೆಂಬರ್ ತಿಂಗಳಲ್ಲಿ ನಡೆದ ಚುನಾವಣೆ.

ಪಾಪ್ಲರ್ ಇರುವುದು ಪೂರ್ವ ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಡದಲ್ಲಿ. ಸಾಮ್ರಾಜ್ಯದ ಸಕ್ಕರೆ, ಚಹ, ಮರಮಟ್ಟು ಎಲ್ಲವೂ ಇಲ್ಲಿನ ಮತ್ತು ನೆರೆಯ ಹಡಗುಕಟ್ಟೆಗಳಲ್ಲಿ ಇಳಿಯುತ್ತಿತ್ತು. ಇಳಿಸುವ ಕೂಲಿಕಾರನಿಗೆ ಮಾತ್ರ ನಾಳೆಯ ಕೆಲಸದ ಭರವಸೆ ಇರಲಿಲ್ಲ. ಬೆಳಗಿನ ಜಾವ ಕಟ್ಟೆಯ ಬಾಗಿಲಲ್ಲಿ ಗುಂಪು ನಿಲ್ಲಬೇಕು, ಮೇಸ್ತ್ರಿ ಕೈತೋರಿದವನಿಗೆ ಆ ಹೊತ್ತಿನ ಕೂಲಿ, ಉಳಿದವರು ಬರಿಗೈಯಲ್ಲಿ ಮನೆಗೆ. ಆಗ ಲಂಡನ್ ಕೌಂಟಿಯಲ್ಲಿ 28 ಬರೋಗಳಿದ್ದವು, ಒಂದೊಂದಕ್ಕೂ ತನ್ನದೇ ಪೌರಸಭೆ. ಸುಮಾರು ಒಂದು ಲಕ್ಷ ಅರವತ್ತು ಸಾವಿರ ಜನರಿದ್ದ ಪಾಪ್ಲರ್ ಅವುಗಳಲ್ಲಿ ಬಹಳ ಬಡವಾದದ್ದು. 1965ರಲ್ಲಿ ಅದು ಟವರ್ ಹ್ಯಾಮ್ಲೆಟ್ಸ್ ಎಂಬ ದೊಡ್ಡ ಬರೋದೊಳಗೆ ಸೇರಿಹೋಯಿತು.

ಮೊದಲನೆಯ ಮಹಾಯುದ್ಧದ ಕಾರಣ 1912ರಿಂದ ಅಲ್ಲಿ ಚುನಾವಣೆಯೇ ಆಗಿರಲಿಲ್ಲ. ಈ ನಡುವೆ 1918ರ ಕಾನೂನು ಮತದಾರರ ಪಟ್ಟಿಯನ್ನು ಹಿಗ್ಗಿಸಿತ್ತು. 30 ವರ್ಷ ತುಂಬಿದ ಗೃಹಿಣಿಯರಿಗೂ ಸ್ಥಳೀಯ ಚುನಾವಣೆಯಲ್ಲಿ ಮತ ಸಿಕ್ಕಿತ್ತು. ಪೆಟ್ಟಿಗೆ ತೆರೆದಾಗ 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷಕ್ಕೆ ಬಂದಿದ್ದವು. ಗೆದ್ದವರಲ್ಲಿ ಹಡಗುಕಟ್ಟೆಯ ಹಮಾಲರು, ರೈಲ್ವೆ ನೌಕರರು, ಕೂಲಿಗಳು, ಮನೆವಾರ್ತೆ ನಡೆಸುವ ಹೆಂಗಸರು ಇದ್ದರು. ಹಿರಿಯ ನಾಯಕ ಜಾರ್ಜ್ ಲ್ಯಾನ್ಸ್‌ಬರಿ ಅವರು ಮೇಯರ್ ಆದರು. ಹೆಂಗಸರ ಮತದ ಹಕ್ಕಿಗಾಗಿ 1912ರಲ್ಲಿ ಪಾರ್ಲಿಮೆಂಟಿನ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಮತ್ತೆ ಚುನಾವಣೆಗೆ ನಿಂತು, ಸೋತವರು ಅವರು. ಅದೇ ದಿನ ಲಂಡನ್ನಿನ ಇನ್ನೂ ಹಲವು ಬರೋಗಳಲ್ಲಿ ಲೇಬರ್ ಪಕ್ಷ ಗೆದ್ದಿತ್ತು. ಆದರೆ ಗೆಲುವು ಎಂದರೇನು ಎಂದು ಕೊನೆಯವರೆಗೂ ಪರೀಕ್ಷೆ ಮಾಡಿ ತೋರಿಸಿದ್ದು ಪಾಪ್ಲರ್.

ಹೊಸ ಪೌರಸಭೆ ಮನೆಗಳು, ಸ್ನಾನಗೃಹಗಳು, ವಾಚನಾಲಯ, ತಾಯಿ-ಮಕ್ಕಳ ಆರೋಗ್ಯ ಮುಂತಾದ ಕೆಲಸಗಳಿಗೆ ಕೈಹಾಕಿತು. 1920ರಲ್ಲಿ ತನ್ನ ಕೆಲಸಗಾರರಿಗೆ ವಾರಕ್ಕೆ ಕನಿಷ್ಠ 4 ಪೌಂಡು ಸಂಬಳವೆಂದು ಗೊತ್ತುಮಾಡಿತು. ಗಂಡಿಗೆಷ್ಟೋ ಹೆಣ್ಣಿಗೂ ಅಷ್ಟೇ. ಅದೇ ಕಾಲಕ್ಕೆ ಎಷ್ಟು ಕಡೆ ಹೆಣ್ಣಾಳಿಗೆ ಗಂಡಾಳಿನ ಅರ್ಧ ಕೂಲಿ ಕೊಡುವುದೇ ಧರ್ಮವೆಂದು ನಂಬಿದ್ದರು ಎಂಬುದನ್ನು ನೆನೆದರೆ ಈ ಒಂದು ಠರಾವಿನ ತೂಕ ತಿಳಿಯುತ್ತದೆ.

ಅಷ್ಟರಲ್ಲಿ ಕಷ್ಟಕಾಲ ಬಂತು. 1920ರ ಚಳಿಗಾಲದಿಂದ ವ್ಯಾಪಾರ ಕುಸಿಯಿತು, ಹಡಗು ಕಡಮೆಯಾಯಿತು, ಕಟ್ಟೆಯ ಬಾಗಿಲಲ್ಲಿ ನಿಂತವರಿಗೆ ಕೆಲಸ ಇಲ್ಲದಾಯಿತು. ಕೆಲಸವಿಲ್ಲದ ಸಂಸಾರಗಳಿಗೆ ಅನ್ನ ಯಾರು ಹಾಕಬೇಕು? ಕಥೆಯ ತಿರುಳು ಇರುವುದೇ ಇಲ್ಲಿ. ಆದುದರಿಂದ ಲೆಕ್ಕವನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ.

ಆಗಿನ ಕಾನೂನಿನ ಪ್ರಕಾರ, ಮನೆಯಲ್ಲೇ ಇರುವ ನಿರುದ್ಯೋಗಿಗೆ ಕೊಡುವ ಸಹಾಯವನ್ನು ಆಯಾ ಭಾಗದ ಬಡವರ ಪಾಲಕ ಮಂಡಳಿ ಕೊಡಬೇಕು. ಅದರ ಹಣ ಆಯಾ ಭಾಗದ ಮನೆ ಕಂದಾಯದಿಂದಲೇ ಬರಬೇಕು. ಕಂದಾಯ ನಿಂತಿದ್ದುದು ಮನೆ, ಅಂಗಡಿ, ಕಟ್ಟಡಗಳ ಬಾಡಿಗೆಯ ಬೆಲೆಯ ಮೇಲೆ. ಒಂದು ಭಾಗದಲ್ಲಿ ಎಲ್ಲ ಕಟ್ಟಡಗಳ ಬಾಡಿಗೆ ಬೆಲೆ ವರ್ಷಕ್ಕೆ 1 ಲಕ್ಷ ಪೌಂಡು, ಇನ್ನೊಂದರಲ್ಲಿ 9 ಲಕ್ಷ ಪೌಂಡು ಎಂದಿಟ್ಟುಕೊಳ್ಳಿ. ಇಬ್ಬರಿಗೂ 50 ಸಾವಿರ ಪೌಂಡು ಬೇಕು. ಮೊದಲನೆಯವರು ಪೌಂಡಿಗೆ 10 ಷಿಲಿಂಗ್ ಕಂದಾಯ ಹಾಕಬೇಕು; ಎರಡನೆಯವರಿಗೆ ಪೌಂಡಿಗೆ ಒಂದು ಷಿಲಿಂಗ್ ಮತ್ತು ಸ್ವಲ್ಪ ಚಿಲ್ಲರೆ ಸಾಕು. ಇದು ಬರಿಯ ಪಾಠದ ಲೆಕ್ಕವಲ್ಲ. ಪೌಂಡಿಗೆ ಒಂದು ಪೆನ್ನಿ ಕಂದಾಯ ಹಾಕಿದರೆ ಶ್ರೀಮಂತರ ವೆಸ್ಟ್‌ಮಿನ್‌ಸ್ಟರಿನಲ್ಲಿ ಪಾಪ್ಲರಿನ ಸುಮಾರು ಒಂಬತ್ತು ಪಟ್ಟು ಹಣ ಹುಟ್ಟುತ್ತಿತ್ತು. ಇತ್ತ ನಿರುದ್ಯೋಗಿಗಳ ದಂಡು ಇದ್ದುದು ಪಾಪ್ಲರಿನಲ್ಲಿ. ಹಸಿದವರು ಹೆಚ್ಚಾಗಿರುವಲ್ಲಿ ಕಣಜ ಚಿಕ್ಕದು, ಕಣಜ ದೊಡ್ಡದಿರುವಲ್ಲಿ ಹಸಿದವರು ಕಡಮೆ. ಬಡವನನ್ನು ಬಡವನೇ ಸಾಕಬೇಕೆಂಬುದೇ ಕಾನೂನಿನ ಒಟ್ಟು ತಾತ್ಪರ್ಯ.

ಈ ವ್ಯವಸ್ಥೆಯಲ್ಲಿ ನಲುಗಿದವನು ಕೂಲಿಕಾರನೊಬ್ಬನೇ ಅಲ್ಲ. ಪಾಪ್ಲರಿನ ಬೀದಿಯ ಮೂಲೆಯಲ್ಲಿ ಕಿರಾಣಿ ಇಟ್ಟವನೂ ಅದೇ ಏರಿದ ಕಂದಾಯ ಕಟ್ಟಬೇಕು. ಗಿರಾಕಿಗೆ ಕೆಲಸವಿಲ್ಲ, ಉದ್ದರಿ ಪುಸ್ತಕ ದಪ್ಪವಾಗುತ್ತದೆ, ಗಲ್ಲಾಪೆಟ್ಟಿಗೆ ಹಗುರವಾಗುತ್ತದೆ, ಕಂದಾಯದ ಚೀಟಿ ಮಾತ್ರ ಭಾರವಾಗುತ್ತದೆ. ವೆಸ್ಟ್‌ಮಿನ್‌ಸ್ಟರಿನ ದೊಡ್ಡ ಅಂಗಡಿಕಾರನಿಗೆ ಈ ಚಿಂತೆ ಇರಲಿಲ್ಲ.

ಇದಲ್ಲದೆ ಪಾಪ್ಲರ್ ಪೌರಸಭೆ ತನ್ನ ಕಂದಾಯದ ಜೊತೆಗೆ ಇಡೀ ಲಂಡನ್ನಿನ ನಾಲ್ಕು ಸಂಸ್ಥೆಗಳ ಪಾಲನ್ನೂ ಎತ್ತಿಕೊಡಬೇಕಾಗಿತ್ತು: ಲಂಡನ್ ಕೌಂಟಿ ಕೌನ್ಸಿಲ್, ಪೋಲೀಸು, ನೀರು ಸರಬರಾಜು ಮಂಡಳಿ, ಸಾಂಕ್ರಾಮಿಕ ರೋಗದ ಆಸ್ಪತ್ರೆಗಳನ್ನು ನಡೆಸುವ ಮಂಡಳಿ. ಲಂಡನ್ನಿನ ಪೋಲೀಸಿನ ಖರ್ಚಿಗೆ ಪಾಪ್ಲರ್ ಪಾಲುದಾರ. ಪಾಪ್ಲರಿನ ಹಸಿವಿನ ಖರ್ಚಿಗೆ ಲಂಡನ್ ಪಾಲುದಾರನಲ್ಲ! ಈ ಅನ್ಯಾಯವನ್ನು ಸರಿಪಡಿಸಿರೆಂದು ಮನವಿಗಳು ಹೋಗಿದ್ದವು, ಕೇಳುವವರಿರಲಿಲ್ಲ.

1921ರ ಮಾರ್ಚ್ ತಿಂಗಳಲ್ಲಿ ಪೌರಸಭೆ ಒಂದು ನಿರ್ಧಾರ ಕೈಕೊಂಡಿತು. ತನ್ನ ಕೆಲಸಕ್ಕೆ ಮತ್ತು ಬಡವರ ಸಹಾಯಕ್ಕೆ ಬೇಕಾದ ಕಂದಾಯವನ್ನಷ್ಟೇ ಎತ್ತುವುದು. ಮೇಲಿನ ನಾಲ್ಕು ಸಂಸ್ಥೆಗಳ ಪಾಲನ್ನು ಎತ್ತುವುದೂ ಇಲ್ಲ, ಕೊಡುವುದೂ ಇಲ್ಲ. ಕಂದಾಯದ ಚೀಟಿ ಇಳಿಯಿತು. ಕೂಲಿಕಾರನ ಗುಡಿಸಲಿಗೂ ಚಿಕ್ಕ ಅಂಗಡಿಗೂ ಒಂದೇ ಸಲ ಉಸಿರು ಬಂತು. ಹೋರಾಟದ ಹೊರೆಯನ್ನು ಜನರ ಮೇಲೆ ಹಾಕದೆ ಸದಸ್ಯರು ತಮ್ಮ ತಲೆಯ ಮೇಲೆ ಹೊತ್ತುಕೊಂಡ ರೀತಿ ಇದು.

ಕೌಂಟಿ ಕೌನ್ಸಿಲ್ ನ್ಯಾಯಾಲಯಕ್ಕೆ ಹೋಯಿತು. ಜುಲೈ 29ರಂದು ಪೌರಸಭೆಯ ಸದಸ್ಯರು ಪಾಪ್ಲರಿನಿಂದ ಹೈಕೋರ್ಟಿನವರೆಗೆ ನಡೆದೇ ಹೋದರು. ಮುಂದೆ ಪೌರಸಭೆಯ ದಂಡ ಹಿಡಿದವನು, ಕೊರಳಲ್ಲಿ ಅಧಿಕಾರದ ಸರಪಳಿ ತೊಟ್ಟ ಮೇಯರ್ ಸ್ಯಾಮ್ ಮಾರ್ಚ್, ಹಿಂದೆ ಸಾವಿರಾರು ಜನ. ಬಡ ಬರೋಗಳ ಕಂದಾಯದ ಸಮಾನತೆಗಾಗಿ ನ್ಯಾಯಾಲಯಕ್ಕೆ, ಬೇಕಾದರೆ ಸೆರೆಮನೆಗೂ ಹೋಗುತ್ತಿದ್ದೇವೆಂದು ಅವರ ಪತಾಕೆ ಸಾರುತ್ತಿತ್ತು. ಹಣ ಕೊಡಿರೆಂದು ನ್ಯಾಯಾಲಯ ಆಜ್ಞೆ ಮಾಡಿತು. ಅವರು ಒಪ್ಪಲಿಲ್ಲ. ಸೆಪ್ಟೆಂಬರ್ ಮೊದಲ ದಿನಗಳಲ್ಲಿ 30 ಮಂದಿ ಸದಸ್ಯರ ದಸ್ತಗಿರಿಯಾಯಿತು. ಗಂಡಸರು ಬ್ರಿಕ್ಸ್‌ಟನ್ ಸೆರೆಮನೆಗೆ. ಐವರು ಹೆಂಗಸರು ಹಾಲೋವೇ ಸೆರೆಮನೆಗೆ. ಈ ಐವರಲ್ಲಿ ನೆಲ್ಲಿ ಕ್ರೆಸಲ್ ಎಂಬವರು ತುಂಬು ಗರ್ಭಿಣಿ.

ಸೆರೆಮನೆಯಲ್ಲೂ ಪೌರಸಭೆ ನಿಲ್ಲಲಿಲ್ಲ. ಹಾಲೋವೇಯಿಂದ ಹೆಂಗಸರನ್ನು ಬ್ರಿಕ್ಸ್‌ಟನ್ನಿಗೆ ಕರೆತಂದು ಸೆರೆಮನೆಯ ಗೋಡೆಯೊಳಗೇ ಸಭೆ ಕೂಡಿಸಲು ಸರ್ಕಾರ ಒಪ್ಪಬೇಕಾಯಿತು. ಹೊರಗೆ ಬೀದಿಯಲ್ಲಿ ಜನ ನೆರೆಯುತ್ತಿದ್ದರು. ಲ್ಯಾನ್ಸ್‌ಬರಿಯವರು ಕೋಣೆಯ ಕಂಬಿಗಳ ನಡುವಿನಿಂದ ಭಾಷಣ ಮಾಡುತ್ತಿದ್ದರು. ನೆರೆಯ ಬೆತ್ನಲ್ ಗ್ರೀನ್ ಮತ್ತು ಸ್ಟೆಪ್ನಿ ಪೌರಸಭೆಗಳೂ ಪಾಪ್ಲರಿನ ದಾರಿ ಹಿಡಿಯುವ ಠರಾವು ಮಾಡಿದವು. ಬಡವನ ಸಿಟ್ಟು ದವಡೆಗೆ ಮೂಲವೆಂಬ ನಮ್ಮ ಗಾದೆ ಒಬ್ಬಂಟಿಗನಾದ ಬಡವನಿಗೆ ಹೇಳಿದ್ದು. ಬರೋಕ್ಕೆ ಬರೋ ಎದ್ದಾಗ ದವಡೆ ನೋಯತೊಡಗಿದ್ದು ಸರ್ಕಾರಕ್ಕೆ. ಆರು ವಾರಗಳಾದ ಮೇಲೆ, ಅಕ್ಟೋಬರ್ 12ರಂದು ಅವರನ್ನು ಬಿಡುಗಡೆ ಮಾಡಲಾಯಿತು. ಆ ವರ್ಷ ಮುಗಿಯುವುದರೊಳಗೆ ಹೊಸ ಕಾನೂನು ಬಂತು. ನಿರುದ್ಯೋಗಿಗಳ ಸಹಾಯದ ಖರ್ಚಿನಲ್ಲಿ ದೊಡ್ಡ ಭಾಗವನ್ನು ಇಡೀ ಲಂಡನ್ನಿನ ಸಾಮಾನ್ಯ ನಿಧಿಯಿಂದ ಕೊಡಬೇಕೆಂದಾಯಿತು. ವೆಸ್ಟ್‌ಮಿನ್‌ಸ್ಟರಿನಂಥ ಭಾಗಗಳು ತಮ್ಮ ಪಾಲು ತೆರಬೇಕಾಯಿತು. 1919ರ ಚುನಾವಣೆಯ ನಿಜವಾದ ಫಲಿತಾಂಶ ಪ್ರಕಟವಾದದ್ದು ಈ ದಿನವೆಂದು ನಮ್ಮ ಎಣಿಕೆ.

ಇದನ್ನು ಒಪ್ಪದವರೂ ಇದ್ದರು, ಅದೂ ಲೇಬರ್ ಪಕ್ಷದ ಒಳಗೇ. ಹ್ಯಾಕ್ನಿಯ ಮೇಯರ್ ಹರ್ಬರ್ಟ್ ಮಾರಿಸನ್ ಅಂಥವರಲ್ಲಿ ಮುಖ್ಯರು. ಕಾನೂನು ಮುರಿಯುವ ಪಕ್ಷದ ಕೈಗೆ ಜನ ಅಧಿಕಾರ ಕೊಡಲಾರರು, ಒಳ್ಳೆಯ ಆಡಳಿತ ನಡೆಸಿ ತೋರಿಸಿಯೇ ನಂಬಿಕೆ ಗಳಿಸಬೇಕು ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಇಂದು ನಮ್ಮ ಪೌರಸಭೆ ಕಾನೂನು ಮುರಿದರೆ ನಾಳೆ ಶ್ರೀಮಂತರ ಪೌರಸಭೆಯೂ ತನಗೆ ಬೇಡವಾದ ಕಾನೂನು ಮುರಿದೀತು. 1934ರಲ್ಲಿ ಮಾರಿಸನ್ನರ ನಾಯಕತ್ವದಲ್ಲೇ ಲೇಬರ್ ಪಕ್ಷ ಮೊದಲ ಸಲ ಲಂಡನ್ ಕೌಂಟಿ ಕೌನ್ಸಿಲನ್ನು ಗೆದ್ದಿತು ಎಂಬುದೂ ನಿಜ. ಆದರೆ ಇನ್ನೊಂದು ಫಲಿತಾಂಶವನ್ನೂ ನೋಡಬೇಕು. 1922ರ ನವೆಂಬರಿನಲ್ಲಿ ಮತ್ತೆ ಬರೋ ಚುನಾವಣೆ ನಡೆದಾಗ ಲಂಡನ್ನಿನಲ್ಲಿ ಲೇಬರ್ ಪಕ್ಷಕ್ಕೆ ಭಾರಿ ಸೋಲಾಯಿತು. ಸೆರೆಮನೆಗೆ ಹೋಗಿಬಂದವರ ಪಾಪ್ಲರ್ ಮಾತ್ರ ಕೈಬಿಡಲಿಲ್ಲ. ತಮಗಾಗಿ ಕಷ್ಟಪಟ್ಟವರು ಯಾರೆಂದು ಮತದಾರರಿಗೆ ಗೊತ್ತಿತ್ತು. ಅಲ್ಲದೆ ಪಾಪ್ಲರಿನವರು ಕಾನೂನಿನಿಂದ ಅಡಗಿಕೊಳ್ಳಲಿಲ್ಲ. ಹಗಲಿನಲ್ಲಿ, ಹೇಳಿ ಮಾಡಿ, ಶಿಕ್ಷೆಯನ್ನು ತಾವೇ ಅನುಭವಿಸಿದರು. ಲಂಚಕ್ಕಾಗಿ ಕದ್ದು ಕಾನೂನು ಮುರಿಯುವವರನ್ನು ಇವರ ಪಕ್ಕದಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಗೆಲುವಿಗೆ ಬೆಲೆಯನ್ನೂ ತೆರಬೇಕಾಯಿತು. ಹಿಂದೆ ಶಾಲೆಯ ಉಪಾಧ್ಯಾಯಿನಿಯಾಗಿದ್ದ, ಜಾರ್ಜ್ ಲ್ಯಾನ್ಸ್‌ಬರಿಯವರ ಸೊಸೆ ಮಿನ್ನಿ ಲ್ಯಾನ್ಸ್‌ಬರಿ ಸೆರೆಯಿಂದ ಬಂದ ಕೆಲವೇ ತಿಂಗಳಲ್ಲಿ, 1922ರ ಜನವರಿ 1ರಂದು ನ್ಯುಮೋನಿಯದಿಂದ ತೀರಿಕೊಂಡರು. ಆಗ ಅವರಿಗೆ 32 ವರ್ಷ. ವಾರಕ್ಕೆ 4 ಪೌಂಡಿನ ಸಂಬಳವೂ ಉಳಿಯಲಿಲ್ಲ. ಬೆಲೆಗಳು ಇಳಿದರೂ ಸಂಬಳ ಇಳಿಸಲಿಲ್ಲವೆಂದು ಲೆಕ್ಕ ತಪಾಸಣಾಧಿಕಾರಿ 5,000 ಪೌಂಡನ್ನು ಸದಸ್ಯರಿಂದಲೇ ವಸೂಲು ಮಾಡಬೇಕೆಂದ. ವ್ಯಾಜ್ಯ ಲಾರ್ಡ್ಸ್ ಸಭೆಯವರೆಗೆ ಹೋಯಿತು. 1925ರಲ್ಲಿ ಅಲ್ಲಿನ ನ್ಯಾಯಾಧೀಶರು ಅಧಿಕಾರಿಯ ಪಕ್ಷವನ್ನೇ ಎತ್ತಿಹಿಡಿದರು. ಜನರು ಆರಿಸಿದವರು ಜನರ ಕೂಲಿಯನ್ನು ಗೊತ್ತುಮಾಡುವುದಕ್ಕೂ ಮೇಲಿನವರ ಒಪ್ಪಿಗೆ ಬೇಕು ಎಂದಾಯಿತು. 1985ರಲ್ಲಿ ಲಿವರ್‌ಪೂಲ್ ಮತ್ತು ಲ್ಯಾಂಬೆತ್ ಪೌರಸಭೆಗಳ ಸದಸ್ಯರು ಪಾಪ್ಲರಿನ ಹೆಸರು ನೆನೆದು ಸರ್ಕಾರವನ್ನು ಎದುರಿಸಿದಾಗಲೂ ದಂಡ ಬಿತ್ತು, ಸದಸ್ಯತ್ವ ಹೋಯಿತು, ಬೇಡಿಕೆ ಈಡೇರಲಿಲ್ಲ. ಹಳೆಯ ಹೋರಾಟದ ಹೆಸರು ಹೇಳಿದ ಮಾತ್ರಕ್ಕೆ ಹೊಸ ಹೋರಾಟ ಗೆಲ್ಲುವುದಿಲ್ಲ.

ಈ ಪಾಪ್ಲರಿಗೂ ನಮಗೂ ಒಂದು ನಂಟಿದೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿಯವರು ಲಂಡನ್ನಿನ ದೊಡ್ಡ ಹೋಟೆಲುಗಳನ್ನು ಬಿಟ್ಟು ಇಳಿದುಕೊಂಡದ್ದು ಮ್ಯೂರಿಯಲ್ ಲೆಸ್ಟರ್ ಅವರ ಕಿಂಗ್‌ಸ್ಲಿ ಹಾಲಿನಲ್ಲಿ. ಅದು ಪಾಪ್ಲರ್ ಬರೋಕ್ಕೆ ಸೇರಿದ ಬೋ ಎಂಬ ಬಡಾವಣೆಯಲ್ಲಿತ್ತು. ಲೆಸ್ಟರ್ ಅವರು ತಾವೂ ಪಾಪ್ಲರ್ ಪೌರಸಭೆಯಲ್ಲಿ ಇದ್ದವರು. ತೆರಿಗೆಯ ಅನ್ಯಾಯಕ್ಕೆ ಸೆರೆಮನೆಯ ಉತ್ತರ ಕೊಟ್ಟ ಜನರ ನಡುವೆ, ಉಪ್ಪಿನ ತೆರಿಗೆಗಾಗಿ ಸೆರೆ ಕಂಡವರು ಅತಿಥಿಯಾದದ್ದು ಎಷ್ಟು ಒಪ್ಪುವ ಮಾತು!

ಗಿರಣಿಯ ಗೆಳೆಯರೂ ಅಂಗಡಿಯ ಗೆಳೆಯರೂ ಇದರಿಂದ ತಿಳಿಯಬೇಕಾದದ್ದು ಇಷ್ಟು. ಕಾರ್ಮಿಕನಿಗೆ ಕೊಟ್ಟದ್ದು ವ್ಯಾಪಾರಿಯ ಜೇಬಿನಿಂದ ಹೋಗುತ್ತದೆಂದು ಹೇಳಿ ನಮ್ಮನ್ನು ನಮ್ಮೊಳಗೇ ಕಾದಾಡಿಸುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಗಿರಣಿಯ ಬಾಗಿಲು ಮುಚ್ಚಿದ ದಿನವೇ ಚಿಕ್ಕ ಅಂಗಡಿಯ ದೀಪವೂ ಮಂಕಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸಾಕ್ಷಿ ಬೇಕಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಇಬ್ಬರ ಹೊರೆಯೂ ಒಂದೇ ಎಂದು ತಿಳಿದು, ಹೊರಬಲ್ಲವರ ಹೆಗಲಿಗೆ ಅದನ್ನು ಸಾಗಿಸಿದ್ದು ಪಾಪ್ಲರಿನ ಜಾಣತನ.

ಆದುದರಿಂದ ಮುಂದಿನ ಸಲ ನಿಮ್ಮ ಬಾಗಿಲಿಗೆ ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಕೂರಿಸಿ ಎರಡು ಪ್ರಶ್ನೆ ಕೇಳಿರಿ. ಪೌರಸಭೆಗೆ ಬರುವ ಕಂದಾಯದಲ್ಲಿ ಯಾವ ಬಡಾವಣೆ ಎಷ್ಟು ಕೊಡುತ್ತದೆ, ಯಾವ ಬಡಾವಣೆಗೆ ಎಷ್ಟು ಮರಳುತ್ತದೆ? ಗೆದ್ದ ಮೇಲೆ ಕಷ್ಟ ಬಂದರೆ ಅದನ್ನು ಯಾರ ಹೆಗಲಿಗೆ ಹಾಕುತ್ತೀರಿ, ನಮ್ಮದಕ್ಕೋ ನಿಮ್ಮದಕ್ಕೋ? ಉತ್ತರ ಕೊಡಲು ತಡವರಿಸುವವರಿಗೆ 39 ಸ್ಥಾನ ಬಂದರೂ ಊರಿಗೆ ಬರುವುದು ಏನೂ ಇಲ್ಲ.