ಅಣ್ಣನ ಟ್ರ್ಯಾಕ್ಟರೂ ಮೊಮ್ಮಗನ ಸ್ಪೀಕರೂ



ಈ ಸಲ ಮನೆಯ ಜಗಳವೊಂದನ್ನೇ ಬರೆಯುತ್ತಿದ್ದೇನೆ. ಹಾನಗಲ್ ತಾಲ್ಲೂಕಿನ ನಮ್ಮೂರ ಮನೆಯ ಶೆಡ್ಡಿನಲ್ಲಿ ಅಣ್ಣನ ಎಚ್‌ಎಂಟಿ ಟ್ರ್ಯಾಕ್ಟರ್ ಇಂದಿಗೂ ನಿಂತಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕೊಂಡದ್ದು. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಇವುಗಳ ತಯಾರಿಕೆ ಮೊದಲಾಯಿತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಅಂದರೆ ಇನ್ನು ಹೊಸದು ಸಿಗದು. ಅಣ್ಣನ ಮೊಮ್ಮಗ ಅದಕ್ಕೆ ಬಣ್ಣ ಹೊಡೆಸಿದ್ದಾನೆ, ಸಂತೋಷ. ಈಗ ಮಡ್‌ಗಾರ್ಡಿನ ತಗಡು ಕೊರೆದು ನಾಲ್ಕು ಸ್ಪೀಕರು, ಸೀಟಿನ ಹಿಂದೆ ದೊಡ್ಡದೊಂದು ಬಾಕ್ಸು, ಆಂಪ್ಲಿಫೈಯರು ಕೂಡಿಸಬೇಕೆಂದು ಹಟ ಹಿಡಿದಿದ್ದಾನೆ. “ಎಲ್ಲಾರ ಟ್ರ್ಯಾಕ್ಟರಿಗೂ ಐತಿ ಅಜ್ಜಾ, ನಮ್ಮದಕ್ಕ ಯಾಕ ಬ್ಯಾಡ?” ಎಂಬುದು ಅವನ ಪ್ರಶ್ನೆ. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿರುವ ನಿಮ್ಮ ಮನೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿರಬಹುದು. ಆದ್ದರಿಂದ ಉತ್ತರವನ್ನು ಎಲ್ಲರೆದುರಿಗೇ ಹೇಳುತ್ತೇನೆ.

ಮೊದಲು, ನಾನು ನಿಮಗೆ ಕಲಿಸಿದ ವಿಜ್ಞಾನವನ್ನು ನೆನಪಿಸಿಕೊಳ್ಳಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 12 ವೋಲ್ಟಿನ ಬ್ಯಾಟರಿಯಿಂದ 400 ವ್ಯಾಟ್ ಎಳೆಯಬೇಕಾದರೆ 33 ಆಂಪಿಯರ್ ಹರಿಯಬೇಕು. 88 ಆಂಪಿಯರ್-ಅವರ್ ಬ್ಯಾಟರಿಯಾದರೂ ಅದರ ಬಲವೊಂದರಿಂದಲೇ ಹಾಡಿಸಿದರೆ ಎರಡೂವರೆ ಗಂಟೆಯಲ್ಲಿ ಬರಿದಾಗುತ್ತದೆ. ಹಳೆಯ ಟ್ರ್ಯಾಕ್ಟರಿನ ಡೈನಮೊ ದೀಪ, ಹಾರ್ನು, ಬ್ಯಾಟರಿ ಇಷ್ಟನ್ನು ಸಾಕಲೆಂದು ಮಾಡಿದ್ದು. ವಿದ್ಯುತ್ತು ಎರಡರಷ್ಟಾದರೆ ವೈರಿನ ಕಾವು ನಾಲ್ಕರಷ್ಟಾಗುತ್ತದೆ. ಸಣ್ಣ ವೈರು, ಫ್ಯೂಜಿಲ್ಲದ ಜೋಡಣೆ, ಹಿಂದೆ ಒಣಗಿದ ರವದಿಯ ಹೇರು: ಮುಂದಿನದನ್ನು ನೀವೇ ಊಹಿಸಿರಿ.

ಎರಡನೆಯದು ಕಿವಿ. ಕ್ಯಾಬಿನ್ನಿಲ್ಲದ ಟ್ರ್ಯಾಕ್ಟರಿನ ಸದ್ದೇ ಚಾಲಕನ ಕಿವಿಯಲ್ಲಿ ಸುಮಾರು 90 ಡೆಸಿಬೆಲ್ ಆಗಬಲ್ಲದು. ಹಾಡು ಕೇಳಬೇಕಾದರೆ ಅದನ್ನೂ ಮೀರಬೇಕು. ತಜ್ಞರ ಲೆಕ್ಕದಲ್ಲಿ 85 ಡೆಸಿಬೆಲ್ಲನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ. ನಮ್ಮ ಹುಡುಗರು ರಾತ್ರಿಯಿಡೀ ಹೇರು ಹೊಡೆಯುತ್ತಾರೆ.

ಮೂರನೆಯದನ್ನು ನಾನೇ ಅನುಭವಿಸಿದ್ದೇನೆ. ಕಬ್ಬಿನ ಹಂಗಾಮಿನ ಒಂದು ಸಂಜೆ ಹಾನಗಲ್–ಹಾವೇರಿ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಬರುತ್ತಿದ್ದೆ. ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು. ಹೇರಿನ ಮರೆಯಲ್ಲಿ ಚಾಲಕ ಕಾಣುತ್ತಿರಲಿಲ್ಲ. ಮೈಲಿನುದ್ದಕ್ಕೂ ಹಾರ್ನ್ ಬಾರಿಸಿದೆ. ಕೊನೆಗೆ ದಾಟಹೋದಾಗ ಅವನು ಬಲಕ್ಕೆ ಎಳೆದ. ನಾನು ರಸ್ತೆಯಂಚಿನ ಮಣ್ಣಿಗೆ ಬಿದ್ದೆ. ಗಾಡಿ ನಿಲ್ಲಿಸಿ ಓಡಿಬಂದವನು ನನ್ನದೇ ಹಳೆಯ ವಿದ್ಯಾರ್ಥಿ. ಕೈಹಿಡಿದು ಎಬ್ಬಿಸುತ್ತ, “ಕೇಳಿಸ್ಲೇ ಇಲ್ರೀ ಸರ” ಎಂದು ಅತ್ತುಬಿಟ್ಟ. ಮೊಣಕಾಲಿನ ಗಾಯ ಮಾಯಿತು. ಆ ಮಾತು ಇನ್ನೂ ಕಿವಿಯಲ್ಲಿದೆ. ನನ್ನ ಜಾಗದಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡ ತಂದೆಯೊಬ್ಬನಿದ್ದಿದ್ದರೆ?

“ರಾತ್ರಿ ಒಬ್ಬನೇ ಹೊಡೆಯುವಾಗ ಹಾಡಿಲ್ಲದಿದ್ದರೆ ನಿದ್ದೆ ಬರುತ್ತದೆ” ಎನ್ನುತ್ತಾರೆ. ನಿದ್ದೆಗೆ ಮದ್ದು ನಿದ್ದೆಯೇ. ಹಾಡು ಅದನ್ನು ತುಸು ಮುಂದೂಡೀತು, ಅಷ್ಟೆ. ಮೊಮ್ಮಗನ ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು: ಕಾರಿನವರು ಕೇಳಿದರೆ ಸಂಗೀತ, ರೈತನ ಮಗ ಕೇಳಿದರೆ ಗದ್ದಲವೇ? ಈ ಸಿಟ್ಟಿನಲ್ಲಿ ನ್ಯಾಯವಿದೆ. ಹಿಂದಿನ ಹಾರ್ನು ಕೇಳದಷ್ಟು ಜೋರಾಗಿ ಹಾಡು ಹಚ್ಚಿದ ಕಾರಿನವನೂ ಅಷ್ಟೇ ತಪ್ಪಿತಸ್ಥ. ಆದರೆ ಟ್ರ್ಯಾಕ್ಟರಿಗೆ ಗಾಜಿಲ್ಲ, ಗೋಡೆಯಿಲ್ಲ. ಅದರ ಹಾಡನ್ನು ಹಸುಗೂಸು, ರೋಗಿ, ಪರೀಕ್ಷೆಗೆ ಓದುತ್ತಿರುವ ಹುಡುಗಿ ಎಲ್ಲರೂ ಕೇಳಲೇಬೇಕು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ನಮ್ಮ ಓಣಿಯಲ್ಲಿ ಇವನ್ನು ಅಳೆಯುವವರಾರು? ಆದ್ದರಿಂದಲೇ ನಮ್ಮ ಮನೆಯಿಂದ ಆರಂಭವಾಗಬೇಕು.

ಅಣ್ಣ ಶಾಲೆಗೆ ಹೋದವನಲ್ಲ. ಎಂಜಿನ್ನಿನ ದನಿ ಕೊಂಚ ಬದಲಾದರೂ ಇಳಿದು ನೋಡುತ್ತಿದ್ದ. ಬೆಲ್ಟು ಸಡಿಲವೋ, ಡೀಸೆಲ್ಲಿನಲ್ಲಿ ಗಾಳಿ ಸೇರಿದೆಯೋ ಹೇಳಿಬಿಡುತ್ತಿದ್ದ. ಆ ಯಂತ್ರ ಇಷ್ಟು ವರ್ಷ ಬಾಳಿದ್ದು ಅವನ ಕಿವಿಯ ಪುಣ್ಯದಿಂದ.

ಹಾಡಿನ ಮೇಲೆ ನನಗೆ ದ್ವೇಷವಿಲ್ಲ. ಶಿಶುನಾಳ ಶರೀಫರು ಶಿಗ್ಗಾವಿ ತಾಲ್ಲೂಕಿನವರು. ಅವರೂ ಕೆಲಕಾಲ ಮಾಸ್ತರಿಕೆ ಮಾಡಿದವರೇ. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದೆ, ಕಿವಿಯನ್ನೇ ನಂಬಿ ಗಾನವಿದ್ಯೆಯನ್ನು ಒಲಿಸಿಕೊಂಡರು. ಅಂಥವರ ನೆಲದಲ್ಲಿ ನಾವು ಕಿವಿಯನ್ನು ಕಳೆದುಕೊಳ್ಳಬಾರದು.

ತಮ್ಮಾ, ನನ್ನ ರಾಜಿ ಇಷ್ಟು: ತಗಡು ಕೊರೆಯಬೇಡ. ಕೊರೆದ ತೂತು ಮತ್ತೆ ಮುಚ್ಚದು. ಸೀಟಿನ ಬಳಿ ಬಿಚ್ಚಿ ತೆಗೆಯಬಹುದಾದ ಸಣ್ಣದೊಂದು ಸ್ಪೀಕರ್ ಇಡು, ಅದಕ್ಕೊಂದು ಫ್ಯೂಜು ಹಾಕಿಸು. ಹೊಲದಲ್ಲಿ ಕೇಳು, ರಸ್ತೆಗಿಳಿದೊಡನೆ ಆರಿಸು. ಅದರ ಖರ್ಚು ನನ್ನ ಪೆನ್ಶನ್ನಿನಿಂದ. ಒಪ್ಪಿಗೆಯಾದರೆ ಭಾನುವಾರ ಬಾ, ಇಬ್ಬರೂ ಕೂಡಿ ಹಾವೇರಿಗೆ ಹೋಗಿ ತರೋಣ.