ಹಳೆಯ ಜೀಪಿಗೆ ಮೊದಲ ಉಪಚಾರ

ಮಾಗಡಿಯ ರಂಗನಾಥಸ್ವಾಮಿ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ತಟ್ಟಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಮಾರುವವನ ಮಾತಿಗೆ ಕಿವಿಗೊಡುವುದು ಕಟ್ಟಕಡೆಗೆ. ಅಂತಹ ಜಾಣನೂ ಹಳೆಯ ಜೀಪನ್ನು ಕೊಳ್ಳುವಾಗ ಬಣ್ಣಕ್ಕೆ ಮರುಳಾಗುವುದುಂಟು. ಗಾಡಿ ಮನೆಗೆ ಬಂದ ಮರುದಿನವೇ ಹೊಸ ದೀಪ, ಹೊಸ ಗಾದಿ, ಅಗಲವಾದ ಟೈರುಗಳಿಗೆ ಹಣ ಸುರಿಯುವುದೂ ಉಂಟು. ಗಾಡಿಯ ಹೊಟ್ಟೆಯಲ್ಲಿ ಏನಿದೆಯೆಂದು ವಿಚಾರಿಸುವವರು ವಿರಳ.

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲೀಸ್ ಜೀಪನ್ನು 1947ರಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. ಅದರ ಸಂತತಿಯ ಜೀಪುಗಳೂ ಥಾರ್‌ಗಳೂ, ಮಾರುತಿಯ ಜಿಪ್ಸಿಯೂ ಇಂದು ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಇಂತಹ ಗಾಡಿ ಒಪ್ಪುವಂಥದೇ. ಆದರೆ ಇಲ್ಲಿ ಅದಕ್ಕೆ ಎರಡು ಪರೀಕ್ಷೆಗಳು. ಒಂದು, 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ವೇಗ; ಇನ್ನೊಂದು, ಬಂಡೆಗಳ ನಡುವಣ ಹೊಲದ ಹಾದಿ, ಮಳೆಗಾಲದ ಹಳ್ಳ, ಕಾವೇರಿಯ ಕಡೆಗೆ ಇಳಿಯುವ ಕನಕಪುರದ ಇಳಿಜಾರು. ರಾಮನಗರದ ಮಾರುಕಟ್ಟೆಗೆ ಹೊರಟ ರೇಷ್ಮೆಗೂಡು ಬಹುಕಾಲ ಕಾಯುವ ಸರಕಲ್ಲ. ಚಿಟ್ಟೆ ಗೂಡನ್ನು ಕೊರೆದು ಹೊರಬಂದರೆ ನೂಲು ಬಿಚ್ಚಲು ಬಾರದು. ಗಾಡಿಯನ್ನು ನಂಬಿದವನ ಬೆಳೆಯೂ, ಒಮ್ಮೊಮ್ಮೆ ಪ್ರಾಣವೂ, ಕಣ್ಣಿಗೆ ಕಾಣದ ಕೀಲುಗಳನ್ನು ಅವಲಂಬಿಸಿವೆ.

ಮೊದಲು ಕಾಗದಗಳು. ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯು ನೋಂದಣಿ ಪತ್ರದೊಡನೆ ಅಕ್ಷರಶಃ ತಾಳೆಯಾಗಬೇಕು. ಗಾಡಿ ಕೈಬದಲಾದ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕೆಂದು ಮೋಟಾರು ವಾಹನಗಳ ಕಾಯಿದೆಯು ವಿಧಿಸಿದೆ.

ಅನಂತರ ಬ್ರೇಕು. ನಾಲ್ಕು ಚಕ್ರಗಳ ಬಲವು ಕೆಸರಿನಿಂದ ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ. ಬ್ರೇಕಿನ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರುತ್ತದೆ. ದೀರ್ಘವಾದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರಿನ ಅಂಶ ಕುದಿದು ಆವಿಯಾಗುತ್ತದೆ. ಆಗ ಪೆಡಲು ತುಳಿದರೂ ಹಿಡಿತ ಸಿಗದು. ಆದುದರಿಂದ ಹಳೆಯ ದ್ರವವನ್ನು ಪೂರ್ತಿಯಾಗಿ ಬದಲಾಯಿಸಬೇಕು. ಡ್ರಮ್ಮುಗಳನ್ನು ಬಿಚ್ಚಿಸಿ ಒಳಗಿನ ಕೆಸರನ್ನು ತೆಗೆಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ತಿಳಿಸುತ್ತವೆ. ಸವೆಯದೆ ಉಳಿದ ಟೈರೂ ವಯಸ್ಸಿನಿಂದ ಬಿರುಕುಬಿಟ್ಟಿರಬಹುದು.

ಮೂರನೆಯದು ಎಣ್ಣೆ. ಸಾಮಾನ್ಯ ಕಾರಿಗಿಂತ ಇಂತಹ ಗಾಡಿಯಲ್ಲಿ ಎಣ್ಣೆಯ ಮನೆಗಳು ಹೆಚ್ಚು. ಎಂಜಿನ್ನು, ಗೇರುಪೆಟ್ಟಿಗೆ, ಹಿಂದಕ್ಕೂ ಮುಂದಕ್ಕೂ ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸು, ಮುಂದಿನ ಡಿಫರೆನ್ಷಿಯಲ್ಲು, ಹಿಂದಿನ ಡಿಫರೆನ್ಷಿಯಲ್ಲು—ಹೀಗೆ ಐದು. ಎಂಜಿನ್ನಿನ ಎಣ್ಣೆಯನ್ನು ಎಲ್ಲರೂ ಬದಲಾಯಿಸುತ್ತಾರೆ. ಉಳಿದ ನಾಲ್ಕನ್ನು ಮರೆಯುವವರೇ ಹೆಚ್ಚು. ಎಲ್ಲಕ್ಕೂ ಒಂದೇ ಎಣ್ಣೆ ಸಲ್ಲದು. ತಯಾರಕರ ಕೈಪಿಡಿಯೇ ಪ್ರಮಾಣ. ಇಲ್ಲೊಂದು ಎಚ್ಚರಿಕೆ: ಎಣ್ಣೆ ತುಂಬುವ ಮೇಲಿನ ಬಿರಡೆ ಬಿಚ್ಚುತ್ತದೆಯೆಂದು ಖಾತರಿಯಾದ ಮೇಲೆಯೇ ಕೆಳಗಿನ ಬಿರಡೆಗೆ ಕೈಹಾಕಬೇಕು. ತಿರುಗುಮುರುಗಾದರೆ, ಇದ್ದ ಎಣ್ಣೆ ನೆಲದ ಪಾಲಾಗಿ, ಹೊಸದನ್ನು ತುಂಬಲು ದಾರಿಯಿಲ್ಲದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಇಳಿಸಿದ ಎಣ್ಣೆಯನ್ನು ಕೂಡಲೇ ಚೆಲ್ಲಬಾರದು. ಹಿಂದಿನ ಯಜಮಾನನು ಹೇಳದ ಕಥೆ ಅದರಲ್ಲಿದೆ. ಹಾಲು ಬೆರೆತಂತೆ ಮಬ್ಬಾಗಿದ್ದರೆ ಒಳಗೆ ನೀರು ಹೊಕ್ಕಿದೆ. ಓಡಿ ಕಾದ ಡಿಫರೆನ್ಷಿಯಲ್ಲು ಹಳ್ಳದ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗುತ್ತದೆ; ಉಸಿರುಗೊಳವೆಯು ಕೆಸರಿನಿಂದ ಕಟ್ಟಿದ್ದರೆ ಸವೆದ ಸೀಲುಗಳ ಮೂಲಕ ನೀರು ಒಳನುಗ್ಗುತ್ತದೆ. ಬಿರಡೆಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದುಬಣ್ಣದ ಲೇಪ ಅಂಟಿದ್ದರೆ ಅದು ಸಹಜವಾದ ಸವೆತ. ಬೆರಳಿಗೆ ತಗಲುವ ಚೂರುಗಳಿದ್ದರೆ ಹಲ್ಲು ಮುರಿದಿದೆ ಎಂದೇ ಶಂಕಿಸಿ ಮೆಕ್ಯಾನಿಕ್ಕನಿಗೆ ತೋರಿಸಬೇಕು.

ಗಾಡಿಯ ಕೆಳಗೆ ನುಗ್ಗುವವರು ಇನ್ನೊಂದನ್ನು ಅರಿತಿರಬೇಕು. ಹಲವು ಹಳೆಯ ಜೀಪುಗಳಲ್ಲಿ ಕೈಬ್ರೇಕು ಹಿಡಿಯುವುದು ಚಕ್ರಗಳನ್ನಲ್ಲ, ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದೊಡನೆ ಆ ಚಕ್ರ ಹಿಮ್ಮುಖವಾಗಿ ತಿರುಗಲು ಸ್ವತಂತ್ರವಾಗುತ್ತದೆ. ಕೈಬ್ರೇಕು ಎಳೆದಿದ್ದರೂ ಗಾಡಿ ಉರುಳಬಹುದು. ಆದಕಾರಣ ಸಮನೆಲದಲ್ಲಿ, ಉಳಿದ ಚಕ್ರಗಳಿಗೆ ಕಲ್ಲನ್ನೋ ಮರದ ದಿಮ್ಮಿಯನ್ನೋ ಒತ್ತುಕೊಟ್ಟು, ಗಟ್ಟಿಯಾದ ಆಸರೆಯ ಮೇಲೆ ಗಾಡಿಯನ್ನು ನಿಲ್ಲಿಸದೆ ಯಾರೂ ಅದರಡಿ ಮಲಗತಕ್ಕದ್ದಲ್ಲ. ಅಲ್ಲಿರುವಾಗಲೇ ಶಾಫ್ಟಿನ ಕೀಲುಗಳಿಗೆ ಗ್ರೀಸು ತುಂಬಿ, ಕೈಯಿಂದ ಅಲುಗಿಸಿ ಸಡಿಲವಿದೆಯೇ ನೋಡಬೇಕು. ಗಾಳಿಯ ಫಿಲ್ಟರು, ರೇಡಿಯೇಟರಿನ ರಬ್ಬರು ಕೊಳವೆ, ಬೆಲ್ಟುಗಳ ಸರದಿ ಆಮೇಲಿನದು.

ಕಡೆಯದಾಗಿ ಮುಂದಿನ ಚಕ್ರಗಳಿಗೆ ಬಲ ಕೂಡಿಸಿ ನೋಡಬೇಕು. ಅದೂ ಮಣ್ಣಿನ ನೆಲದಲ್ಲಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಇಂತಹ ಹೆಚ್ಚಿನ ಗಾಡಿಗಳಲ್ಲಿ ಎರಡೂ ಕಡೆಯ ಶಾಫ್ಟುಗಳು ಆಗ ಒಂದೇ ವೇಗದಲ್ಲಿ ಬಂಧಿತವಾಗಿರುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ಆ ಬಿಗಿತ ಸಡಿಲಗೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲಾರದೆ ಗೇರುಗಳೇ ನಲುಗುತ್ತವೆ. ನಾಲ್ಕು ಟೈರುಗಳ ಅಳತೆ ಬೇರೆಬೇರೆಯಾದರೂ ಇದೇ ಗತಿ. ಹಾಗೆಂದು ಆ ಗೇರನ್ನು ಮುಟ್ಟದೆಯೇ ಇಡುವುದೂ ತರವಲ್ಲ. ತಿಂಗಳಿಗೊಮ್ಮೆಯಾದರೂ ಹೊಲದ ಹಾದಿಯಲ್ಲಿ ಅದನ್ನು ಹಾಕಿ ಸ್ವಲ್ಪ ದೂರ ಓಡಿಸಿದರೆ ಎಣ್ಣೆ ಎಲ್ಲೆಡೆ ಹರಡಿ, ಕೀಲುಗಳು ಜಡ್ಡುಗಟ್ಟವು.

ಇಷ್ಟನ್ನೂ ಮಾಡಿದವನು ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಓಡಿದ ಕಿಲೋಮೀಟರು, ಬದಲಾಯಿಸಿದ ವಸ್ತು ಇವುಗಳನ್ನು ಬರೆದಿಡಲಿ. ಮುಂದೆ ಯಾವಾಗ ಏನು ಮಾಡಬೇಕೆಂಬ ಗೊಂದಲ ಅಲ್ಲಿಗೆ ತೀರುತ್ತದೆ. ಗಾಡಿ ಮತ್ತೊಬ್ಬರ ಪಾಲಾಗುವ ದಿನ ಕೊಳ್ಳುವವನ ಕೈಗೆ ಬಾಯಿಮಾತಿನ ಬದಲು ಆ ಪುಸ್ತಕವನ್ನೇ ಇಡಬಹುದು. ಬಣ್ಣ ಬಳಿಸುವ ಕೆಲಸಕ್ಕೆ ಅವಸರವಿಲ್ಲ. ಅದು ಮುಂದಿನ ಸುಗ್ಗಿಯವರೆಗೂ ಕಾದೀತು.