ಮೆಚ್ಚಿದವರ ಲೆಕ್ಕ

ಸಂಜೆಯ ಹೊತ್ತು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅಡ್ಡಾಡುವುದು ನನ್ನ ಹಳೆಯ ಅಭ್ಯಾಸ. ಮೊನ್ನೆ ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಎದುರಾದ. ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತವೆಂದರೆ ಅವನಿಗೆ ಪ್ರಾಣ. ಗಡುಸಾದ ಗಿಟಾರು, ಗುಡುಗಿನಂಥ ಡ್ರಮ್ಮು, ತಂಡದ ಹೆಸರು ಬರೆದ ಕಪ್ಪು ಅಂಗಿ, ಇವು ಆ ಪಂಥದ ಲಾಂಛನಗಳು. ಅಂದು ಅವನ ಮೈಮೇಲೆ ಎಂದಿನ ‘ಮೆಟಾಲಿಕಾ’ ಅಂಗಿ ಇರಲಿಲ್ಲ.

“ಯಾಕಪ್ಪಾ, ನಿನ್ನ ಬಿರುದು ಎಲ್ಲಿ?” ಎಂದೆ.

“ಬಿಟ್ಟೀನ್ರೀ ಸರ್. ಈಗ ಅದನ್ನ ಎಲ್ಲಾರೂ ಹಾಕ್ಕೊಳ್ಳಾಕತ್ತಾರ, ಒಂದು ಹಾಡೂ ಕೇಳದವರು ಸುದ್ದಾ. ಮಂದಿ ಮೆಚ್ಚಿದ ಮ್ಯಾಲೆ ಅದರಾಗ ಏನು ಉಳೀತರಿ?”

ನಾನು ನಕ್ಕು ಮುಂದೆ ಸಾಗಿದೆ. ಆದರೆ ಮನೆ ಸೇರಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಈ ವ್ಯಾಜ್ಯ ಆ ಸಂಗೀತದಷ್ಟೇ ಹಳೆಯದು. 1970ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಂ ಹೊರಬಂದಾಗ ವಿಮರ್ಶಕರಲ್ಲಿ ಅನೇಕರು ಮೂಗು ಮುರಿದರು. ಜನ ಕೊಂಡು ಕೇಳಿದರು. ಇಂದು ವಿಮರ್ಶಕರೇ ಅದನ್ನು ಒಂದು ಪರಂಪರೆಯ ಆದಿಕೃತಿಯೆಂದು ಗೌರವಿಸುತ್ತಾರೆ. ಅಲ್ಲಿ ಗೆದ್ದದ್ದು ಜನರ ಕಿವಿ.

ಅಮೆರಿಕದ ಮೆಟಾಲಿಕಾ ತಂಡದ ಕಥೆ ಬೇರೆ. 1988ರ ಆಲ್ಬಂನಲ್ಲಿ ಅದು ಹತ್ತು ನಿಮಿಷದವರೆಗೂ ಸಾಗುವ, ಮತ್ತೆ ಮತ್ತೆ ನಡೆ ಬದಲಿಸುವ ಹಾಡುಗಳನ್ನು ಕಟ್ಟಿತ್ತು. 1991ರಲ್ಲಿ ತನ್ನ ಹೆಸರನ್ನೇ ಇಟ್ಟು ಹೊರತಂದ ಆಲ್ಬಂನಲ್ಲಿ ಹಾಡುಗಳು ಮೊಟಕಾದವು, ನಡೆ ನಿಧಾನವಾಯಿತು. ಪ್ರತಿಗಳು ಕೋಟಿಗಟ್ಟಲೆ ಮಾರಾಟವಾದವು. ಹಳೆಯ ಅಭಿಮಾನಿಗಳಲ್ಲಿ ಹಲವರು “ತಮ್ಮನ್ನು ಮಾರಿಕೊಂಡರು” ಎಂದು ಮುಖ ತಿರುಗಿಸಿದರು. ಆ ದೂರಿನಲ್ಲಿ ಎರಡು ಮಾತುಗಳು ಬೆರೆತಿದ್ದವು. ಹಾಡಿನ ಬಂಧ ಸಡಿಲವಾಯಿತೆಂಬುದು ಒಂದು. ಅದು ವಿಮರ್ಶೆ, ಕಿವಿಗೊಟ್ಟು ಪರೀಕ್ಷಿಸಬಹುದು. ಹಾಡು ಎಲ್ಲರಿಗೂ ಸೇರಿತೆಂಬುದು ಇನ್ನೊಂದು. ಅದು ಹಾಡಿನ ಮಾತಲ್ಲ, ಸಭಿಕರ ಮಾತು.

ಅದೇ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಸಾವಿರಾರು ತರುಣರು ನೆರೆದರು. ಬೆಂಗಳೂರಿನದೇ ಆದ ‘ಕ್ರಿಪ್ಟೋಸ್’ ತಂಡವು 1998ರಿಂದ ಇದೇ ಸಂಗೀತವನ್ನು ನುಡಿಸುತ್ತ ಬಂದಿದೆ. 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕನ್ ಉತ್ಸವದ ವೇದಿಕೆಯನ್ನೂ ಏರಿತು. ಆದರೂ ನಮ್ಮ ಮನೆಗಳಲ್ಲಿ ಅದರ ಹೆಸರು ಬಲ್ಲವರು ವಿರಳ. ನೆರೆದ ಸಾವಿರ ಮಂದಿ ಒಂದರ ಹಿರಿಮೆಗೆ ಸಾಕ್ಷಿಯಲ್ಲವೆಂದಾದರೆ, ಹೆಸರು ಕೇಳದಿರುವುದು ಇನ್ನೊಂದರ ಹಿರಿಮೆಗೆ ಸಾಕ್ಷಿಯಾದೀತೆ?

ಇಷ್ಟು ಬರೆದ ಮೇಲೆ ನನ್ನ ತಪ್ಪೊಂದನ್ನೂ ವಾಚಕರ ಮುಂದೆ ಒಪ್ಪಿಕೊಳ್ಳಬೇಕು. ನಮ್ಮ ಅವ್ವನಿಗೆ ತ್ರಿವೇಣಿಯವರ ಕಾದಂಬರಿಗಳೆಂದರೆ ಪಂಚಪ್ರಾಣ. ಎಂ.ಎ. ತರಗತಿಯ ಹೊಸ ಪಾಂಡಿತ್ಯದ ಅಮಲಿನಲ್ಲಿ ನಾನೊಮ್ಮೆ, “ಅದು ಜನಪ್ರಿಯ ಸಾಹಿತ್ಯ, ಅದರಲ್ಲಿ ಸತ್ವವಿಲ್ಲ” ಎಂದುಬಿಟ್ಟೆ. ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು: “ಓದಿ ಹೇಳಾಕತ್ತೀಯೋ, ಓದೋ ಮಂದೀನ ನೋಡಿ ಹೇಳಾಕತ್ತೀಯೋ?”

ನಾನು ಓದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ‘ಶರಪಂಜರ’ವನ್ನು ಓದಿದೆ. ಮನೋರೋಗದಿಂದ ಗುಣಹೊಂದಿ ಮನೆಗೆ ಮರಳಿದ ಹೆಣ್ಣನ್ನು ಮನೆಯವರ ಸಂಶಯವೇ ಹೇಗೆ ಮತ್ತೆ ಕೆಡವುತ್ತದೆಂಬುದನ್ನು ಅಷ್ಟು ಸಂಯಮದಿಂದ ಹೇಳಿದ ಬರಹವನ್ನು ನಾನು ಓದುಗರ ಎಣಿಕೆಯಿಂದ ಅಳೆದಿದ್ದೆ. ತಪ್ಪಾಯಿತೆಂದು ಹೇಳೋಣವೆಂದರೆ ಆ ವೇಳೆಗೆ ಅವ್ವ ಇರಲಿಲ್ಲ.

ಸ್ಟೇಷನ್ ರಸ್ತೆಯ ಮಗ್ಗುಲಿಗೇ ನಮ್ಮ ಗೋಳಗುಮ್ಮಟವಿದೆ. ಅದರೊಳಗೆ ಒಂದು ಮಾತನ್ನಾಡಿದರೆ ಏಳು ಸಲ ಮಾರ್ದನಿಗೊಳ್ಳುವುದೆಂದು ಪ್ರತೀತಿ. ಪೋಲಿಯ ಕೂಗಿಗೂ ಅಷ್ಟೇ, ಗವಾಯಿಯ ಸ್ವರಕ್ಕೂ ಅಷ್ಟೇ. ಮಾರ್ದನಿಯಿಂದ ಮಾತಿನ ತೂಕ ಹೆಚ್ಚುವುದಿಲ್ಲ. ಹಾಗೆಯೇ ತಗ್ಗುವುದೂ ಇಲ್ಲ. ಮೊದಲ ದನಿಯನ್ನು ಕೇಳಿಸಿಕೊಳ್ಳುವ ಶ್ರಮವನ್ನು ನಾವೇ ಪಡಬೇಕು.

ನಿನ್ನೆ ಆ ಹುಡುಗ ತರಗತಿಯ ಬಾಗಿಲಲ್ಲಿ ಸಿಕ್ಕ. “ಅಂಗಿ ಬಿಡುವುದಾದರೆ ಬಿಡಪ್ಪಾ. ಹಾಡು ಬಿಡುವ ಮುಂಚೆ ಮಾತ್ರ ಇನ್ನೊಮ್ಮೆ ಕೇಳು” ಎಂದೆ. ಅವ್ವನ ಪ್ರಶ್ನೆಯನ್ನು ಅವನಿಗೆ ದಾಟಿಸಿದಂತಾಯಿತು.